ಹಿರಿಯ ಡಿಸೈನರ್ ಆದ ಮೇಲೆ ಗೇಮ್ ಮಾಡುವ ಕೆಲಸ ಕೈಬಿಟ್ಟು ಹೋಗುತ್ತದೆಯೇ?

ವರ್ಷಗಟ್ಟಲೆ ಗೇಮ್ ಡಿಸೈನ್ ಮಾಡಿದವರ ಕೆಲಸ ಮುಂದೆ ಹೇಗೆ ಬದಲಾಗುತ್ತದೆ, ಕಿರಿಯರಿಗೆ ಹೇಳಿಕೊಡುವುದರಲ್ಲೇ ದಿನ ಹೋದರೆ ಸ್ವಂತ ಕೆಲಸ ಬಿಟ್ಟುಕೊಟ್ಟ ಹಾಗಲ್ವಾ ಎಂದು ಕೇಳಿದ್ದೀರಿ. ನಾನು ಈ ಕೆಲಸಕ್ಕೆ ಬಂದು ಎರಡು ದಶಕ ದಾಟಿದೆ. ಈಗ ನನ್ನ ಹೊತ್ತು ಜಾಸ್ತಿ ಹೋಗುವುದು ಬೇರೆಯವರು ಮಾಡಿದ ಲೆವೆಲ್‌ಗಳನ್ನು ಆಡುವುದರಲ್ಲಿ, ಆಡಿದ ಮೇಲೆ ಅವರ ಜೊತೆ ಕೂತು ಮಾತಾಡುವುದರಲ್ಲಿ. ಕೆಲಸ ಬಿಟ್ಟುಹೋಗಿಲ್ಲ. ಆದರೆ ಇದು ಹೀಗೇ ಇರಬೇಕು ಎಂದು ತೀರ್ಮಾನಿಸುವ ಹಕ್ಕನ್ನು ಬಿಟ್ಟುಕೊಡಬೇಕಾಯಿತು. ಕಷ್ಟ ಇರುವುದು ಅಲ್ಲೇ. ಸುಖವೂ ಅಲ್ಲೇ ಇದೆ ಅಂತ ಈಗ ಅನಿಸುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಓಡಿ ಜಿಗಿಯುವ ಆಟಕ್ಕೆ ಒಂದು ಲೆವೆಲ್ ಮಾಡಿದ್ದಳು. ಆಡಿದವರೆಲ್ಲ ಒಂದೇ ಹಳ್ಳದಲ್ಲಿ ಬೀಳುತ್ತಿದ್ದರು. ಬಿದ್ದವರೆಲ್ಲ ಹೇಳುತ್ತಿದ್ದ ಮಾತೂ ಒಂದೇ: ‘ನಾನು ಬಟನ್ ಒತ್ತಿದ್ದೆ.’ ಹಳ್ಳದ ಅಗಲ ಕಡಿಮೆ ಮಾಡೋಣ ಅಂತ ಅವಳು ಹೊರಟಿದ್ದಳು. ತಪ್ಪು ಹಳ್ಳದ್ದಲ್ಲ ಅಂತ ನನಗೆ ನೋಡಿದ ಕೂಡಲೇ ಗೊತ್ತಾಯಿತು. ಹೇಳಿಬಿಟ್ಟಿದ್ದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತಿತ್ತು. ಹೇಳಲಿಲ್ಲ. ಆಡುವವರ ಬೆರಳು ಮತ್ತು ಪರದೆ ಎರಡನ್ನೂ ಒಟ್ಟಿಗೆ ರೆಕಾರ್ಡ್ ಮಾಡಿ, ಒಂದೊಂದೇ ಫ್ರೇಮ್, ಅಂದರೆ ಪರದೆಯ ಮೇಲೆ ಬದಲಾಗುವ ಒಂದೊಂದೇ ಚಿತ್ರ, ನಿಲ್ಲಿಸಿ ನೋಡು ಅಂದೆ.

ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡ್. ಅವಳು ನೋಡುತ್ತಾ ಹೋದಳು. ಪಾತ್ರದ ಕಾಲು ಅಂಚು ದಾಟಿ ಮೂರ್ನಾಲ್ಕು ಫ್ರೇಮ್ ಆದ ಮೇಲೆ ಬಟನ್ ಒತ್ತಿದ್ದರು. ಕಂಪ್ಯೂಟರಿನ ಲೆಕ್ಕದಲ್ಲಿ ಅವರು ಆಗಲೇ ಗಾಳಿಯಲ್ಲಿದ್ದಾರೆ. ಆದರೆ ಅವರ ಕಣ್ಣಿಗೆ ಇನ್ನೂ ನೆಲದ ಮೇಲೇ ಇದ್ದಾರೆ. ‘ಇವರು ತಡ ಮಾಡಿಲ್ಲ, ನಮ್ಮ ಆಟವೇ ಆತುರ ಮಾಡುತ್ತಿದೆ’ ಅಂದಳು. ಅಂಚು ದಾಟಿದ ಮೇಲೂ ಸ್ವಲ್ಪ ಹೊತ್ತು ಜಿಗಿಯಲು ಬಿಟ್ಟರೆ ಸಾಕು ಅಂತ ಅವಳೇ ಕಂಡುಕೊಂಡಳು. ಇದು ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಉಪಾಯ, ಕೊಯೋಟಿ ಟೈಮ್ ಅಂತಾರೆ. 2018ರಲ್ಲಿ ಬಂದ ಸೆಲೆಸ್ಟ್ ಆಟದಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೀಗೆ ಬಿಟ್ಟುಕೊಟ್ಟಿದ್ದಾರೆ. ಅದನ್ನು ಮಾಡಿದವರು ಪಾತ್ರದ ಚಲನೆಯ ಕೋಡನ್ನು ಎಲ್ಲರೂ ಓದಲಿ ಅಂತ ಬಹಿರಂಗವಾಗಿಯೇ ಇಟ್ಟಿದ್ದಾರೆ. ಅವಳಿಗೆ ಅದನ್ನು ತೋರಿಸಿದ್ದು ಅವಳ ಕೆಲಸ ಮುಗಿದ ಮೇಲೆ.

ಆಮೇಲೆ ಆದದ್ದೇ ನನಗೆ ಮುಖ್ಯ. ಕೆಲವು ದಿನ ಬಿಟ್ಟು ಅವಳೇ ಬಂದು ಹೇಳಿದಳು: ನೆಲ ಮುಟ್ಟುವ ಒಂದೆರಡು ಫ್ರೇಮ್ ಮೊದಲೇ ಬಟನ್ ಒತ್ತಿದರೆ ಆ ಒತ್ತುವಿಕೆ ಕಳೆದುಹೋಗುತ್ತಿದೆ, ಅದನ್ನೂ ನೆನಪಿಟ್ಟುಕೊಳ್ಳುವ ಹಾಗೆ ಮಾಡಿದ್ದೇನೆ ಅಂತ. ನಾನು ಅದರ ಸುದ್ದಿಯೇ ಎತ್ತಿರಲಿಲ್ಲ. ಮೊದಲನೆಯದಕ್ಕೆ ಉತ್ತರ ಕೊಟ್ಟುಬಿಟ್ಟಿದ್ದರೆ ಎರಡನೆಯದಕ್ಕೂ ಅವಳು ನನ್ನ ಮೇಜಿನ ಹತ್ತಿರವೇ ಬರುತ್ತಿದ್ದಳು.

ಹಾಗಾಗಿ ಈಗ ಲೆವೆಲ್ ಆಡಿದ ಮೇಲೆ ನಾನು ಪರಿಹಾರ ಹೇಳುವುದಿಲ್ಲ, ನನಗೆ ಏನಾಯಿತು ಅಂತ ಮಾತ್ರ ಹೇಳುತ್ತೇನೆ. ‘ಮೂರನೇ ಕೋಣೆಯಲ್ಲಿ ಯಾವ ಕಡೆ ಹೋಗಬೇಕು ಅಂತ ತಿಳಿಯಲಿಲ್ಲ’ ಅನ್ನುತ್ತೇನೆ. ‘ಅಲ್ಲೊಂದು ದೀಪ ಇಡು’ ಅನ್ನುವುದಿಲ್ಲ. ಹಿರಿಯರು ಸುಮ್ನೆ ಹೇಳಿದ ಸಲಹೆಯೂ ಕಿರಿಯರ ಕಿವಿಗೆ ಅಪ್ಪಣೆಯ ಹಾಗೆ ಕೇಳಿಸುತ್ತದೆ. ದೀಪ ಇಟ್ಟೇಬಿಡುತ್ತಾರೆ. ದೀಪ ಸರಿಯೋ ತಪ್ಪೋ ಅಂತ ಮತ್ತೆ ಯಾರೂ ಕೇಳುವುದಿಲ್ಲ. ಮೀಟಿಂಗ್‌ಗಳಲ್ಲಿ ನಾನು ಕೊನೆಗೆ ಮಾತಾಡುವುದೂ ಇದೇ ಕಾರಣಕ್ಕೆ.

ಪ್ಲೇಟೆಸ್ಟ್ ಬಗ್ಗೆ, ಅಂದರೆ ಮುಗಿಯದ ಆಟವನ್ನು ಬೇರೆಯವರಿಗೆ ಆಡಿಸಿ ನೋಡುವುದರ ಬಗ್ಗೆ ಮಾತ್ರ ನಾನು ಕಟ್ಟುನಿಟ್ಟು. ಆಡುವವರ ಹಿಂದೆ ಕೂರಬೇಕು, ಬಾಯಿ ಬಿಡಬಾರದು. ಎದುರಿಗಿರುವ ಬಾಗಿಲು ಆಡುವವರಿಗೆ ಕಾಣದೆ ಹತ್ತು ನಿಮಿಷ ಸುತ್ತುತ್ತಿದ್ದರೂ ‘ಅಲ್ಲೇ ಇದೆ ನೋಡಿ’ ಅನ್ನಬಾರದು. ಹೊಸಬರಿಗೆ ಇದು ತುಂಬಾ ಹಿಂಸೆ. ಆದರೆ ಆಟ ಬಿಡುಗಡೆಯಾದ ಮೇಲೆ ಪ್ರತಿಯೊಬ್ಬರ ಪಕ್ಕದಲ್ಲಿ ಹೋಗಿ ಕೂರಲು ಆಗುತ್ತದೆಯೇ? 1985ರ ಸೂಪರ್ ಮಾರಿಯೋ ಬ್ರದರ್ಸ್‌ನ ಮೊದಲ ಪರದೆಯನ್ನು ಎಲ್ಲರಿಗೂ ಒಮ್ಮೆ ಆಡಿಸುತ್ತೇನೆ. ಮಾರಿಯೋ ಎಡಗಡೆ ನಿಂತಿದ್ದಾನೆ, ಬಲಗಡೆ ಖಾಲಿ ಜಾಗ, ಎದುರಿನಿಂದ ಒಂದು ಶತ್ರು ಬರುತ್ತದೆ. ಒಂದಕ್ಷರ ಸೂಚನೆ ಇಲ್ಲ. ಆದರೂ ಬಲಕ್ಕೆ ನಡೆಯುವುದು, ಜಿಗಿಯುವುದು ಎರಡೂ ಗೊತ್ತಾಗುತ್ತದೆ.

ಹೇಳಿಕೊಡಲೇಬೇಕಾದದ್ದೂ ಇರುತ್ತದೆ ಬಿಡಿ. ಹೆಸರಾಂತ ಗೇಮ್ ಡಿಸೈನರ್ ಸಿಡ್ ಮಯರ್ ಅವರ ಒಂದು ಸೂತ್ರವನ್ನು ನಾನು ಮೊದಲ ವಾರದಲ್ಲೇ ಹೇಳಿಬಿಡುತ್ತೇನೆ: ಅಂಕಿ ಬದಲಾಯಿಸುವುದಾದರೆ ಎರಡರಷ್ಟು ಮಾಡಿ, ಇಲ್ಲ ಅರ್ಧ ಮಾಡಿ. ಶತ್ರುವಿನ ಬಲ 100 ಇದ್ದರೆ ಹೊಸಬರು 95 ಮಾಡುತ್ತಾರೆ, ಆಮೇಲೆ 92. ವ್ಯತ್ಯಾಸವೇ ತಿಳಿಯುವುದಿಲ್ಲ, ದಿನ ಮಾತ್ರ ಹೋಗುತ್ತದೆ. 50 ಮಾಡಿ ನೋಡಿದರೆ ತೊಂದರೆ ಅಲ್ಲಿದೆಯೋ ಬೇರೆ ಕಡೆ ಇದೆಯೋ ಅಂತ ಒಂದೇ ಸಲಕ್ಕೆ ಗೊತ್ತಾಗುತ್ತದೆ.

ಅವರ ಹೆಸರು ಬಂದದ್ದರಿಂದ ಇನ್ನೊಂದು ಮಾತು. ನಾಗರಿಕತೆ ಕಟ್ಟಿ ಬೆಳೆಸುವ ಸಿವಿಲೈಸೇಶನ್ ಆಟವನ್ನು 1991ರಲ್ಲಿ ಅವರು ಬ್ರೂಸ್ ಶೆಲ್ಲಿ ಜೊತೆ ಸೇರಿ ಮಾಡಿದರು. 1996ರ ಎರಡನೆಯದನ್ನು ಬ್ರಯಾನ್ ರೆನಾಲ್ಡ್ಸ್, 2005ರ ನಾಲ್ಕನೆಯದನ್ನು ಸೊರೆನ್ ಜಾನ್ಸನ್, 2010ರ ಐದನೆಯದನ್ನು ಜಾನ್ ಶೇಫರ್, 2016ರ ಆರನೆಯದನ್ನು ಎಡ್ ಬೀಚ್ ಮುಂದೆ ನಿಂತು ಮಾಡಿದರು. ಡಬ್ಬಿಯ ಮೇಲೆ ಮಯರ್ ಹೆಸರೇ ಇದೆ, ಒಳಗಿನ ತೀರ್ಮಾನಗಳು ಬೇರೆಯವರವು. ಐದನೆಯದರಲ್ಲಿ ಒಂದು ಚೌಕಕ್ಕೆ ಎಷ್ಟು ಸೈನ್ಯ ಬೇಕಾದರೂ ಪೇರಿಸುವ ಹಳೇ ಪದ್ಧತಿಯನ್ನೇ ತೆಗೆದುಹಾಕಿದರು, ಚೌಕಗಳ ಜಾಗದಲ್ಲಿ ಆರು ಮೂಲೆಯ ಮನೆಗಳನ್ನು ತಂದರು. ಹಿರಿಯರು ಕೈ ಅಡ್ಡ ಹಿಡಿದಿದ್ದರೆ ಅದು ಆಗುತ್ತಿತ್ತೇ? ನಿಂಟೆಂಡೋದಲ್ಲೂ ಇದೇ ಕಾಣುತ್ತದೆ. 1981ರ ಡಾಂಕಿ ಕಾಂಗ್ ಮಾಡುವಾಗ, ಮುಂದೆ ಸೂಪರ್ ಮಾರಿಯೋ ಮಾಡಿದ ಮಿಯಾಮೊಟೊ ಹೊಸಬರು, ಮೇಲ್ವಿಚಾರಣೆ ಗುನ್‌ಪೇ ಯೊಕೊಯಿ ಅವರದು. ಮುಂದೆ ಮಿಯಾಮೊಟೊ ಜೆಲ್ಡಾ ಎಂಬ ಸಾಹಸ ಆಟಗಳ ಸರಣಿಯನ್ನು ತಮ್ಮ ಕಿರಿಯ ಸಹೋದ್ಯೋಗಿ ಔನುಮಾ ಅವರ ಕೈಗೆ ಕೊಟ್ಟರು. 2017ರಲ್ಲಿ ಬಂದ ಜೆಲ್ಡಾದ ನಿರ್ದೇಶಕರು ಫುಜಿಬಾಯಾಶಿ, ಔನುಮಾ ಆಗ ನಿರ್ಮಾಪಕರು.

ನಾನು ಅಡ್ಡ ನಿಲ್ಲುವ ಜಾಗವೂ ಒಂದಿದೆ, ಅದು ಕಿರಿಯರಿಗೆ ಎದುರಾಗಿ ಅಲ್ಲ. ಹಿಂದೊಮ್ಮೆ ಕೆಲಸ ಮಾಡುತ್ತಿದ್ದ ಕಡೆ, ಮಕ್ಕಳು ಆಡುವ ಆಟಕ್ಕೆ ಒಳಗೆ ಏನಿದೆ ಅಂತ ತಿಳಿಯದೆ ದುಡ್ಡು ಕೊಟ್ಟು ಅದೃಷ್ಟದ ಪೆಟ್ಟಿಗೆ ತೆರೆಯುವ ವ್ಯವಸ್ಥೆ ಮಾಡು ಅಂತ ಹೊಸ ಹುಡುಗನೊಬ್ಬನಿಗೆ ಹೇಳಿದರು. ಅವನಿಗೆ ಮನಸ್ಸಿಲ್ಲ, ಬೇಡ ಅನ್ನುವ ಧೈರ್ಯವೂ ಇಲ್ಲ. ಮೀಟಿಂಗ್‌ನಲ್ಲಿ ನಾನೇ ಬೇಡ ಅಂದೆ. ಇಂಥ ಪೆಟ್ಟಿಗೆಗಳು ಜೂಜಿನ ಕಾನೂನಿಗೆ ವಿರುದ್ಧ ಅಂತ ಬೆಲ್ಜಿಯಂ 2018ರಲ್ಲೇ ಹೇಳಿದ್ದನ್ನೂ ಮುಂದಿಟ್ಟೆ. ಬಿಡುಗಡೆ ಹತ್ತಿರ ಬಂದಾಗಲೂ ಅಷ್ಟೇ. ರಾತ್ರಿಯೆಲ್ಲ ಕೂತು ಮುಗಿಸುತ್ತೇವೆ ಅಂತ ಹುಡುಗರು ಒಪ್ಪಿಕೊಂಡುಬಿಡುತ್ತಾರೆ. ಅವರ ಪರವಾಗಿ ಎರಡು ಫೀಚರ್ ಕತ್ತರಿಸಿ ಅಂತ ಹೇಳುವುದು ನನ್ನ ಕೆಲಸ. ಆ ಮಾತಿಗೆ ತೂಕ ಬರುವುದು ಇಷ್ಟು ವರ್ಷ ಮಾಡಿದ ಕೆಲಸದಿಂದ. ಅದನ್ನು ಖರ್ಚು ಮಾಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಆಟ ಮುಗಿಯುವ ಮೊದಲೇ ಕೆಲಸ ಬಿಟ್ಟುಹೋದವರ ಹೆಸರು ಕ್ರೆಡಿಟ್ಸ್‌ನಲ್ಲಿ ಇದೆಯೇ ಅಂತಲೂ ನಾನೇ ಕೂತು ನೋಡುತ್ತೇನೆ. ಎಷ್ಟೋ ಸಲ ಬಿಟ್ಟುಹೋಗಿರುತ್ತದೆ.

ಇನ್ನು ಸ್ವಂತ ಕೆಲಸ. ನಾನು ಈಗಲೂ ಸಣ್ಣ ಮಾದರಿ ಆಟಗಳನ್ನು, ಅಂದರೆ ಪ್ರೊಟೊಟೈಪ್‌ಗಳನ್ನು ಮಾಡುತ್ತೇನೆ. ಚೌಕ, ಗುಂಡು, ಎರಡು ಬಣ್ಣ, ಅಷ್ಟೇ. ಅದನ್ನು ಹುಡುಗರ ಮುಂದಿಟ್ಟು ಬಾಯಿ ಮುಚ್ಚಿ ಹಿಂದೆ ಕೂರುತ್ತೇನೆ. ಆಟ ಕಟ್ಟಲು ಬಳಸುವ ಸಾಫ್ಟ್‌ವೇರ್ ಆದ ಎಂಜಿನ್‌ನಲ್ಲಿ ಹೊಸದಾಗಿ ಬಂದ ಸೌಲಭ್ಯಗಳನ್ನು ಅವರೇ ನನಗೆ ಹೇಳಿಕೊಡುತ್ತಾರೆ. ಇದನ್ನು ಬಿಟ್ಟರೆ ಆರು ತಿಂಗಳಲ್ಲಿ ನನ್ನ ಸಲಹೆ ಹಳಸುತ್ತದೆ. ನಿಮಗೂ ಇಂಥ ಹುದ್ದೆ ಬರುವುದಿದ್ದರೆ ಒಪ್ಪಿಕೊಳ್ಳುವ ಮೊದಲೇ ಎರಡು ವಿಷಯ ಮಾತಾಡಿಕೊಳ್ಳಿ: ವಾರದಲ್ಲಿ ಎಷ್ಟು ಹೊತ್ತು ನೀವೇ ಕೈಯಾರೆ ಮಾಡುವುದಕ್ಕೆ ಸಿಗುತ್ತದೆ, ಆಟದ ಯಾವ ಭಾಗದಲ್ಲಿ ಯಾರ ಮಾತು ಕೊನೆಯದು. ಎರಡನೆಯದನ್ನು ಬರೆದಿಟ್ಟು, ತಂಡದ ಕಿರಿಯರಿಗೂ ತೋರಿಸಿ.