(2021ರ ಅಕ್ಟೋಬರಲ್ಲಿ ಬಂದ ಪ್ರಶ್ನೆ, ಆಗಲೇ ಬರೆದ ಉತ್ತರ) ಇದೇ 25ಕ್ಕೆ ಶಾಲೆ ಶುರು. ಎರಡನೇ ಕ್ಲಾಸಿನ ಮಗನನ್ನ ಕಳಿಸಲಾ, ಕೊರೊನಾ ಲಸಿಕೆ ಬರೋವರೆಗೆ ಕಾಯಲಾ?

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ ಅಂತು. ಮಕ್ಕಳಿಗೆ ಇನ್ನೂ ಲಸಿಕೆ ಬಂದಿಲ್ಲ, ಮನೇಲಿ ಅಜ್ಜಿ ಇದ್ದಾರೆ, ಆನ್‌ಲೈನ್ ಹೇಗೂ ನಡೀತಿದೆ ಅಂತ ಬರೆದಿದ್ದೀರಿ. ಈ ಮೂರೂ ಮಾತನ್ನ ಇದೇ ವರ್ಷ ಫೆಬ್ರವರಿಲಿ ನಮ್ಮೂರ ಶಾಲೆ ಜಗಲಿ ಮೇಲೆ ನಿಂತು ನಾನೂ ಹೇಳಿದ್ದೆ. ಊರು ಹೊಸನಗರ ತಾಲ್ಲೂಕು.

ಮಗಳು ಆಗ ಆರನೇ ಕ್ಲಾಸು. ಫೆಬ್ರವರಿ 22ಕ್ಕೆ ಆರರಿಂದ ಎಂಟರವರೆಗೆ ತೆರೆದ್ರು. ಮೇಷ್ಟ್ರು ಒಪ್ಪಿಗೆ ಪತ್ರ ಕೈಗೆ ಕೊಟ್ರು. ನಮ್ಮ ಅತ್ತೆಗೆ ಶುಗರ್ರು, ಬಿಪಿ ಎರಡೂ ಇದೆ. ನಾನು ಪತ್ರ ಹಾಗೇ ಮಡಚಿ ವಾಪಸ್ ಕೊಟ್ಟೆ. "ಜೂನ್‌ಗೆ ನೋಡೋಣ ಸರ್, ಹಾಜರಿ ಏನೂ ಕಡ್ಡಾಯ ಅಲ್ವಲ್ಲ" ಅಂದೆ. ಅವರು "ಆಯ್ತಮ್ಮ, ನೋಟ್ಸ್ ವಾಟ್ಸಾಪಿಗೆ ಹಾಕ್ತೀನಿ" ಅಂದ್ರು. ಒಂಚೂರು ಜೋರು ಮಾಡಿದ್ರೆ ಸಹಿ ಹಾಕ್ತಿದ್ನೋ ಏನೋ.

ನಾನು ಮಾಡಿದ ತಪ್ಪು ಇಲ್ಲಿದೆ, ಬಿಡಿಸಿ ಹೇಳ್ತೀನಿ. ಹೆದರಿದ್ದು ತಪ್ಪಲ್ಲ. ಶಾಲೆ ಬಾಗಿಲು ಒಂದು ಸಲ ತೆರೆದ್ರೆ ತೆರೆದೇ ಇರುತ್ತೆ, ನನಗೆ ಧೈರ್ಯ ಬಂದ ದಿನ ಕಳಿಸಿದ್ರಾಯ್ತು ಅಂದುಕೊಂಡೆನಲ್ಲ, ಅದು ತಪ್ಪು. ಏಪ್ರಿಲ್ ಮೊದಲ ವಾರಕ್ಕೇ ಮತ್ತೆ ಬಂದ್ ಆಯ್ತು. ಲೆಕ್ಕ ಹಾಕಿ, ಪೂರ್ತಿ ಆರು ವಾರವೂ ಇಲ್ಲ. ಇಡೀ ವರ್ಷದಲ್ಲಿ ಅವಳಿಗೆ ಪೂರ್ತಿ ಕ್ಲಾಸು ಅಂತ ನಡೆದಿದ್ದು ಅಷ್ಟೇ ದಿನ. ಅದಕ್ಕೂ ಮುಂಚೆ 2020ರ ಆಗಸ್ಟಲ್ಲಿ ವಿದ್ಯಾಗಮ ಅಂತ ಮೇಷ್ಟ್ರೇ ಊರಿಗೆ ಬಂದು ಭೂತಪ್ಪನ ಕಟ್ಟೆ ಹತ್ರ ಪಾಠ ಮಾಡ್ತಿದ್ರು. ಅಕ್ಟೋಬರಲ್ಲಿ ಅದೂ ನಿಂತಿತ್ತು. ಅಂದ್ರೆ ನನ್ನ ಕಣ್ಣೆದುರೇ ಒಂದು ಸಲ ಹೀಗೆ ಆಗಿತ್ತು, ಆದ್ರೂ ನಾನು ಜೂನ್ ಅಂದೆ. ಜೂನಲ್ಲಿ ಏನಿತ್ತು ಅಂತ ನಿಮಗೂ ಗೊತ್ತು, ಎರಡನೇ ಅಲೆ.

ಇನ್ನು ನಾಚಿಕೆ ಬರೋ ವಿಷಯ. ಶಾಲೆಗೆ ಬೇಡ ಅಂದ ನಾನೇ ಅದಕ್ಕಿಂತ ಮುಂಚೆ ಅಡಿಕೆ ಕೊನೆ ಕೊಯ್ಲಿನ ಹೊತ್ತಲ್ಲಿ ಏನು ಮಾಡಿದ್ದೆ? ರಾತ್ರಿ ಹತ್ತರವರೆಗೆ ನಮ್ಮ ಜಗಲಿಲಿ ಹನ್ನೆರಡು ಜನ ಅಡಿಕೆ ಸುಲೀತಿದ್ರು. ಹೊರಗೆ ಚಳಿ ಅಂತ ಬಾಗಿಲು ಹಾಕಿಕೊಂಡು. ಮಗಳೂ ಅವರ ಮಧ್ಯೆ ಒಂದು ಮೆಟ್ಟುಗತ್ತಿ ಇಟ್ಕೊಂಡು ಕೂತು, ದಿನಕ್ಕೆ ಅರ್ಧ ಡಬ್ಬ ಸುಲಿಯೋದು ಕಲಿತಳು. ಆಗ ಯಾರೂ ನನ್ನ ಹತ್ರ ಒಪ್ಪಿಗೆ ಪತ್ರ ಕೇಳ್ಲಿಲ್ಲ. ಕಡೆಗೆ ಕೊರೊನಾ ನಮ್ಮನೆಗೆ ಬಂದಿದ್ದು ಏಪ್ರಿಲಲ್ಲಿ, ತೀರ್ಥಹಳ್ಳಿ ಕಡೆ ಒಂದು ಮದುವೆಗೆ ಹೋಗಿ ಬಂದ ಮೇಲೆ. ಅತ್ತೆ ಹನ್ನೊಂದು ದಿನ ಶಿವಮೊಗ್ಗದಲ್ಲಿ ಅಡ್ಮಿಟ್ ಆಗಿದ್ರು. ದೇವರ ದಯೆ, ಬದುಕಿ ಬಂದ್ರು. ಮಾರ್ಚ್ 1ರಿಂದಲೇ ಅರವತ್ತು ದಾಟಿದವರಿಗೆ ಲಸಿಕೆ ಶುರುವಾಗಿತ್ತು ಮಾರಾಯ್ರೆ. ಮಗಳನ್ನ ಮನೇಲಿ ಕೂರಿಸೋಕೆ ಹಾಕಿದ ಬುದ್ಧಿಲಿ ಅರ್ಧ ಹಾಕಿದ್ರೂ ಅತ್ತೆನ ಆಸ್ಪತ್ರೆಗೆ ಕರ್ಕೊಂಡು ಹೋಗಿ ಲಸಿಕೆ ಹಾಕಿಸ್ತಿದ್ದೆ.

ಈಗ ಆನ್‌ಲೈನ್ ವಿಷಯಕ್ಕೆ ಬರ್ತೀನಿ. ನಮ್ಮನೇಲಿ ನೆಟ್‌ವರ್ಕ್ ಸಿಗೋದು ತೋಟದ ಮೇಲಿನ ದರೆ ಹತ್ರ ಮಾತ್ರ. ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಟವರ್ರೂ ಸತ್ತಂಗೆ. ಸಂಜೆ ನಮ್ಮ ಯಜಮಾನ್ರು ಬಂದು ಮೊಬೈಲ್ ಕೊಟ್ರೆ ಅವಳು ಅರ್ಧ ಗಂಟೆ ಕೂತು ನೋಟ್ಸ್ ಇಳಿಸಿಕೊಳ್ತಿದ್ಳು. ದುಂಡಗಿನ ಅಕ್ಷರ, ಅಡಿಗೆರೆ, ಬಣ್ಣದ ಪೆನ್ನು. ನಾನು ದೂರದಿಂದ ನೋಡಿ ಖುಷಿಪಡ್ತಿದ್ದೆ.

ಸೆಪ್ಟೆಂಬರ್ 6ಕ್ಕೆ ಮತ್ತೆ ತೆರೆದ್ರಲ್ಲ, ಅವತ್ತು ಮೊದಲ ದಿನವೇ ಕಳಿಸಿದೆ. ವಾರ ಕಳೆದ ಮೇಲೆ ಮೇಷ್ಟ್ರು ಕರೆಸಿದ್ರು. ಸಮಾಜ ವಿಜ್ಞಾನದ ನೋಟ್‌ಬುಕ್ ತೆಗೆದು ನನ್ನ ಕಡೆ ತಿರುಗಿಸಿ ಇಟ್ರು. ಪಾಠ ಶುರುವಾಗಿದೆ, ಹತ್ತು ಹನ್ನೆರಡು ಸಾಲು ಇದೆ, ಒಂದು ವಾಕ್ಯದ ನಡುವೆ ತುಂಡಾಗಿದೆ. ಅದರ ಮುಂದೆ ಇಂಗ್ಲಿಷಲ್ಲಿ, ಅದೇ ದುಂಡಗಿನ ಅಕ್ಷರದಲ್ಲಿ "ರೀಡ್ ಮೋರ್". ಮುಂದಿನ ಪಾಠವೂ ಹಾಗೇ. ಪುಟ ತಿರುಗಿಸಿದಷ್ಟೂ ಹಾಗೇ. ಉದ್ದದ ಮೆಸೇಜು ವಾಟ್ಸಾಪಲ್ಲಿ ಮಡಚಿಕೊಂಡಿರುತ್ತಲ್ಲ, ಅದನ್ನ ಒತ್ತಿದ್ರೆ ಉಳಿದದ್ದು ಬಿಚ್ಚಿಕೊಳ್ಳುತ್ತೆ ಅಂತ ಅವಳಿಗೆ ಯಾರೂ ಹೇಳಿರ್ಲಿಲ್ಲ. "ಅಷ್ಟೇ ಕಳಿಸಿದ್ದಾರೆ ಅಂದ್ಕೊಂಡೆ ಅಮ್ಮ" ಅಂದ್ಳು. ಆರು ತಿಂಗಳ ನೋಟ್ಸು, ಎಲ್ಲ ಅರ್ಧರ್ಧ. ಕ್ಲಾಸಲ್ಲಿ ಕೂತಿದ್ರೆ ಎರಡನೇ ದಿನಕ್ಕೇ ಪಕ್ಕದ ಹುಡುಗಿ ಇಣುಕಿ ನೋಡಿ ನಗ್ತಿದ್ಳು, ಅಲ್ಲಿಗೆ ಸರಿಹೋಗ್ತಿತ್ತು.

ಹಾಗಾಗಿ "ಶಾಲೆ ಒಳ್ಳೇದಾ, ಆನ್‌ಲೈನ್ ಒಳ್ಳೇದಾ" ಅಂತ ನೀವು ತೂಗ್ತಿರೋದನ್ನೇ ನಾನು ಒಪ್ಪಲ್ಲ. ಎರಡನೇ ಕ್ಲಾಸಿನ ಹುಡುಗನಿಗೆ ಆನ್‌ಲೈನ್ ಅನ್ನೋದೇ ಇಲ್ಲ. ಒಂದು ತಟ್ಟೇಲಿ ಶಾಲೆ ಇದೆ, ಇನ್ನೊಂದು ತಟ್ಟೆ ಖಾಲಿ. ಒಂದನೇ ಕ್ಲಾಸಿನ ಬಾಗಿಲನ್ನೇ ಅವನು ನೋಡಿಲ್ಲ, ಕಾಗುಣಿತ ಯಾರು ತಿದ್ದಿಸಿದ್ರು, ಹೇಳಿ? ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಈ ಜನವರಿಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ ಎರಡರಿಂದ ಆರನೇ ಕ್ಲಾಸಿನ 16,067 ಮಕ್ಕಳನ್ನ ನೋಡಿದ್ರು. 92% ಮಕ್ಕಳು ಭಾಷೇಲಿ ಮುಂಚೆ ಬರ್ತಿದ್ದ ಒಂದಾದ್ರೂ ವಿಷಯ ಮರೆತಿದ್ರು, ಗಣಿತದಲ್ಲಿ 82%. ನಿಮ್ಮ ಹುಡುಗನಿಗೆ ಮರೆಯೋಕಾದ್ರೂ ಏನಿದೆ, ಇನ್ನೂ ಕಲಿತೇ ಇಲ್ಲ. ಜುಲೈಲಿ ಐಸಿಎಂಆರ್ (ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ) ಮುಖ್ಯಸ್ಥರಾಗಿದ್ದ ಬಲರಾಮ್ ಭಾರ್ಗವ ಅವರು, ತೆರೆಯೋದಾದ್ರೆ ಮೊದಲು ಪ್ರಾಥಮಿಕ ಶಾಲೆ ತೆರೀರಿ, ಚಿಕ್ಕ ಮಕ್ಕಳು ಈ ವೈರಸ್ಸನ್ನ ದೊಡ್ಡವರಿಗಿಂತ ಚೆನ್ನಾಗಿ ತಡ್ಕೋತಾರೆ ಅಂದಿದ್ರು. ನಮ್ಮಲ್ಲಿ ಉಲ್ಟಾ ಮಾಡಿದ್ರು. ಆಗಸ್ಟ್ 23ಕ್ಕೆ ಒಂಬತ್ತರಿಂದ ಮೇಲೆ, ಸೆಪ್ಟೆಂಬರಲ್ಲಿ ಆರರಿಂದ ಎಂಟು, ಚಿಲ್ಟಾರಿಗಳು ಎಲ್ಲರಿಗಿಂತ ಕೊನೆಗೆ. ಅಷ್ಟು ಕಾದಿದ್ದು ಸಾಲದು ಅಂತ ನೀವು ಇನ್ನೂ ಕಾಯ್ತೀರಾ?

ಅಪಾಯವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಆದ್ರೆ ನಾವು ಮಲೆನಾಡಿನವರು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಕಾಣಿಸ್ಕೊಂಡ ಮಂಗನ ಕಾಯಿಲೆ ಇವತ್ತಿಗೂ ಹೋಗಿಲ್ಲ. ಬೇಸಿಗೇಲಿ ಉಣ್ಣಿ ಕಚ್ಚದ ಹಾಗೆ ಎಣ್ಣೆ ಹಚ್ಕೊಂಡು ದರಗೆಲೆ ತರೋಕೆ ಕಾಡಿಗೆ ಹೋಗ್ತೀವೇ ಹೊರತು ಕಾಡೇ ಬೇಡ ಅಂತ ಕೂತಿದ್ದೀವಾ?

ಅಜ್ಜಿಗೆ ಎರಡು ಡೋಸ್ ಆಗಿದೆಯಾ ನೋಡಿ, ಆಗದಿದ್ರೆ ನಾಳೆನೇ ಕರ್ಕೊಂಡು ಹೋಗಿ. ಮೇಷ್ಟ್ರುಗಳಿಗಂತೂ ಎರಡೂ ಡೋಸ್ ಆಗಿರ್ಲೇಬೇಕು ಅಂತ ಆದೇಶ ಇದೆ, ಆದ್ರೂ ಹೋಗಿ ಕೇಳಿ, ನಾಚ್ಕೋಬೇಡಿ. ಕ್ಲಾಸಿನ ಕಿಟಕಿ ತೆರೆದಿರುತ್ತಾ ಅಂತ ಕಣ್ಣಾರೆ ನೋಡ್ಕೊಂಡು ಬನ್ನಿ. ಹುಡುಗ ಮನೆಗೆ ಬಂದ ಕೂಡಲೇ ಹಿತ್ತಲ ಕಡೆಯಿಂದ ಬಚ್ಚಲಿಗೆ ಕಳಿಸಿ, ಹೇಗೂ ಹಂಡೇಲಿ ಬಿಸಿನೀರು ಇದ್ದೇ ಇರುತ್ತೆ. ಸ್ವಲ್ಪ ದಿನ ಅಜ್ಜಿ ಪಕ್ಕ ಮಲಗೋದು ಬೇಡ. ಸೂತಕ ಬಂದ್ರೆ ಹತ್ತು ದಿನ ದೂರ ಕೂರೋಕೆ ಬರುತ್ತೆ ನಮಗೆ, ಇದು ಬರಲ್ವಾ?

ಸಹಿ ಇವತ್ತೇ ಹಾಕಿ ಕೊಟ್ಟುಬಿಡಿ. ಮೊದಲ ವಾರ ಅರ್ಧ ದಿನ ಮಾತ್ರ ಅಂತೆ, ಅವನಿಗೂ ಅಭ್ಯಾಸ ಆಗುತ್ತೆ. ಕೊಡೆ ಹಳೇದೇ ಕೊಡಿ. ನನ್ನ ಮಗಳು ಸೆಪ್ಟೆಂಬರಿಂದ ಇಲ್ಲಿವರೆಗೆ ಎರಡು ಕಳೆದು ಬಂದಿದ್ದಾಳೆ.