ಹೊಸ ಡೇಟಾ ಬಂದದ್ದು ಡ್ರೈವರ್‌ನಿಂದ ಪ್ರೋಗ್ರಾಮಿಗೆ ಹೇಗೆ ತಿಳಿಯುತ್ತದೆ?

ಲಿನಕ್ಸ್‌ನಲ್ಲಿ ಡ್ರೈವರ್ (ಸಾಧನವನ್ನು ನಡೆಸುವ ಕರ್ನಲ್ ಕೋಡ್) ನಿಮ್ಮ ಪ್ರೋಗ್ರಾಮಿನ ಫಂಕ್ಷನ್ನನ್ನು ನೇರವಾಗಿ ಕರೆಯುವುದಿಲ್ಲ; ಕಾಯುತ್ತಿರುವ ಪ್ರೋಗ್ರಾಮನ್ನು ಎಬ್ಬಿಸುತ್ತದೆ, ಅಷ್ಟೇ. ಸಾಧನದಿಂದ ಡೇಟಾ ಓದಲು ನೀವು ರೀಡ್ (read) ಕರೆದಾಗ ಡೇಟಾ ಇಲ್ಲದಿದ್ದರೆ ಡ್ರೈವರ್ ನಿಮ್ಮ ಪ್ರೋಸೆಸ್ಸನ್ನು ವೇಟ್ ಕ್ಯೂಗೆ, ಅಂದರೆ ಕಾಯುವವರ ಸಾಲಿಗೆ, ಸೇರಿಸಿ ಮಲಗಿಸುತ್ತದೆ. ಸಾಧನದಿಂದ ಇಂಟರಪ್ಟ್ (ಗಮನ ಸೆಳೆಯುವ ಹಾರ್ಡ್‌ವೇರ್ ಸಂಕೇತ) ಬಂದಾಗ ಅದನ್ನು ನಿಭಾಯಿಸುವ ಡ್ರೈವರ್ ಕೋಡ್, ಅಂದರೆ ಹ್ಯಾಂಡ್ಲರ್, ಡೇಟಾವನ್ನು ಬಫರ್‌ಗೆ ಹಾಕಿ ಆ ಕ್ಯೂನಲ್ಲಿ ಇದ್ದವರನ್ನು ಎಬ್ಬಿಸುತ್ತದೆ. ಎದ್ದ ಮೇಲೆ ಡೇಟಾ ನಿಜವಾಗಿ ಇದೆಯೇ ಎಂದು ಡ್ರೈವರ್‌ನ ರೀಡ್ ಕೋಡ್ ಮತ್ತೊಮ್ಮೆ ನೋಡಲೇಬೇಕು, ಏಕೆಂದರೆ ಜೊತೆಗೆ ಎದ್ದ ಇನ್ನೊಂದು ಪ್ರೋಸೆಸ್ ಅದನ್ನು ಮೊದಲೇ ಓದಿ ಮುಗಿಸಿರಬಹುದು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

ಹಲವು ಸಾಧನಗಳಿಗಾಗಿ ಒಟ್ಟಿಗೆ ಕಾಯಬೇಕಾದರೆ ಪೋಲ್ (poll) ಅಥವಾ ಇಪೋಲ್ (epoll) ಎಂಬ ಸಿಸ್ಟಂ ಕರೆಗಳನ್ನು ಬಳಸಿ. ಅದಕ್ಕೆ ಡ್ರೈವರ್‌ನಲ್ಲಿ ಪೋಲ್ ಫಂಕ್ಷನ್ ಬರೆದಿರಬೇಕು. ಸಾಧನ ಸಿದ್ಧವಾದಾಗ ಕರ್ನಲ್ ಪ್ರೋಗ್ರಾಮಿಗೆ ಕಳಿಸುವ ಸಿಗ್‌ಐಒ (SIGIO) ಸಿಗ್ನಲ್ ಕೂಡ ಇದೆ, ಆದರೆ ಅದು ಬಂದಾಗ ಓಡುವ ನಿಮ್ಮ ಸಿಗ್ನಲ್ ಹ್ಯಾಂಡ್ಲರ್ ಒಳಗೆ ಸುರಕ್ಷಿತವಾಗಿ ಮಾಡಬಹುದಾದ ಕೆಲಸ ಬಹಳ ಕಡಿಮೆ. ಹೊಸ ಕೋಡ್‌ಗೆ ಇಪೋಲ್ ವಾಸಿ.