ಕಿವಿಯ ಹಿಂದೆ ಮೂಳೆಗೆ ಸ್ಕ್ರೂ ಹಾಕಿಸಿಕೊಂಡ ಮೇಲೆ ದಿನನಿತ್ಯದ ಬದುಕು ಹೇಗಿರುತ್ತೆ?

ನಿಮ್ಮ ತಂಗಿಗೆ 26 ವರ್ಷ, ಎರಡು ಕಿವಿಯೂ ಚಿಕ್ಕಂದಿನಿಂದ ಸೋರುತ್ತೆ, ಎರಡು ಸಲ ಆಪರೇಷನ್ ಆಗಿದೆ, ಈಗ ಡಾಕ್ಟರು ಬಾಹಾ, ಅಂದರೆ ಕಿವಿಯ ಹಿಂದಿನ ಮೂಳೆಗೆ ಸ್ಕ್ರೂ ಹಾಕಿ ಅದರ ಮೇಲೆ ಕೂರಿಸೋ ಹಿಯರಿಂಗ್ ಏಡ್, ಹಾಕಿಸಿ ಅಂದಿದ್ದಾರೆ. ತಲೆಗೆ ಸ್ಕ್ರೂ ಹಾಕಿಸಿದ ಮೇಲೆ ತಲೆಸ್ನಾನ, ಜಡೆ, ಮದುವೆ ಎಲ್ಲ ಹೇಗೆ ಅಂತ ಕೇಳಿದ್ದೀರಿ. ನನ್ನ ಬಲಗಿವಿಯ ಹಿಂದೆ ಅದು ಆರು ವರ್ಷದಿಂದ ಇದೆ. ಊರು ಪಾಂಡವಪುರದ ಹತ್ತಿರ, ಈಗ ಮೈಸೂರಿನ ಅಗ್ರಹಾರದಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೀನಿ. ನಿಮ್ಮ ಪ್ರಶ್ನೆ ಓದಿದಾಗ ನಮ್ಮಕ್ಕನೇ ಯಾರ ಹತ್ತಿರವೋ ನನ್ನ ಬಗ್ಗೆ ವಿಚಾರಿಸಿದ ಹಾಗಿತ್ತು. ಅದಕ್ಕೇ ಸ್ವಲ್ಪ ಉದ್ದಕ್ಕೇ ಬರೀತೀನಿ.

ಮೊದಲು ಮುಖ್ಯವಾದ ಮಾತು ಹೇಳಿಬಿಡ್ತೀನಿ. ಆಪರೇಷನ್ ಚಿಕ್ಕದು, ಒಂದು ದಿನದಲ್ಲಿ ಮುಗಿಯುತ್ತೆ. ಆಮೇಲೆ ಆ ಸ್ಕ್ರೂ ಸುತ್ತ ಇರುವ ಬೆರಳಗಲದ ಚರ್ಮ ಇದೆಯಲ್ಲ, ಅದನ್ನು ದಿನಾ ನೋಡಿಕೊಳ್ಳಬೇಕು, ಬದುಕಿರೋವರೆಗೂ. ದಿನಕ್ಕೆ ಎರಡೇ ನಿಮಿಷ, ಆದರೆ ಒಂದು ದಿನವೂ ತಪ್ಪಬಾರದು. ನಿಮ್ಮ ತಂಗಿ ಅದನ್ನು ಒಪ್ಪಿಕೊಂಡರೆ ಮಿಕ್ಕಿದ್ದೆಲ್ಲ ಸಲೀಸು.

ನಾವು ವಿ.ಸಿ. ನಾಲೆಯಲ್ಲಿ ಈಜಿ ಬೆಳೆದವರು. ಕಿವಿಯ ತಮಟೆ ತೂತಾಗಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕಿವಿ ಸೋರಿದಾಗೆಲ್ಲ ಅಜ್ಜಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡೋರು, ಹತ್ತಿ ತುರುಕೋರು. ಸ್ಕೂಲಲ್ಲಿ ಪಕ್ಕದ ಹುಡುಗಿ ವಾಸನೆ ಅಂತ ದೂರ ಕೂರ್ತಿದ್ದಳು. ದೊಡ್ಡವಳಾದ ಮೇಲೆ ಆಪರೇಷನ್ ಆಯ್ತು, ಸೋರೋದು ಕಮ್ಮಿಯಾಯ್ತು, ಕೇಳಿಸೋದು ಮಾತ್ರ ಹಾಗೇ ಉಳೀತು. ಮಾಮೂಲಿ ಹಿಯರಿಂಗ್ ಏಡ್ ಹಾಕಿದರೆ ಅದರ ಅಚ್ಚು ಕಿವಿಯನ್ನು ಮುಚ್ಚಿಬಿಡುತ್ತೆ, ಒಳಗೆ ಗಾಳಿ ಆಡೋದಿಲ್ಲ, ವಾರದೊಳಗೆ ಮತ್ತೆ ಕೀವು. ನಿಮ್ಮ ತಂಗಿಗೂ ಹೀಗೇ ಆಗಿರಬೇಕು, ಅದಕ್ಕೇ ಡಾಕ್ಟರು ಈ ದಾರಿ ಹೇಳಿರೋದು.

ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ನಾವೆಲ್ಲ ಸ್ಪೀಚ್ ಅಂಡ್ ಹಿಯರಿಂಗ್ ಅಂತೀವಿ, 1965ರಿಂದ ಇರೋದು, ನನ್ನ ಪರೀಕ್ಷೆ ಆಗಿದ್ದು ಅಲ್ಲಿ. ಒಂದು ಸಣ್ಣ ಪ್ಲಾಸ್ಟಿಕ್ ಕಡ್ಡಿಯ ತುದಿಗೆ ಯಂತ್ರ ಸಿಕ್ಕಿಸಿ, ಇನ್ನೊಂದು ತುದಿಯನ್ನು ಹಲ್ಲಲ್ಲಿ ಕಚ್ಚಿಕೊಳ್ಳಿ ಅಂದರು. ಎರಡು ಕಿವಿಯನ್ನೂ ಬೆರಳಿಂದ ಮುಚ್ಚಿಕೊಳ್ಳಿ ಅಂದರು. ಮುಚ್ಚಿಕೊಂಡೆ. ತಲೆಯ ಒಳಗಿಂದ ಎದ್ದ ಹಾಗೆ ಫ್ಯಾನಿನ ಸದ್ದು ಬಂತು. ಆಮೇಲೆ ಆ ಮೇಡಂ ಕೈಬಳೆ ಸದ್ದು. ನನ್ನ ಅಂಗಡಿಗೆ ದಿನಾ ಎಷ್ಟು ಜನ ಬಳೆ ತೊಟ್ಟುಕೊಂಡು ಬರ್ತಾರೆ, ಅವು ಸದ್ದು ಮಾಡುತ್ತವೆ ಅನ್ನೋದೇ ನನಗೆ ಮರೆತುಹೋಗಿತ್ತು. ಕಡ್ಡಿ ಕಚ್ಚಿಕೊಂಡೇ ಅತ್ತುಬಿಟ್ಟೆ.

ಇದು ಕೆಲಸ ಮಾಡೋದು ಹೀಗೆ. ನಮ್ಮಂಥವರಿಗೆ ಹೊರಗಿವಿ, ನಡುಗಿವಿ ಕೆಟ್ಟಿರುತ್ತೆ, ಒಳಗಿವಿ ಚೆನ್ನಾಗಿರುತ್ತೆ. ಕೆಟ್ಟಿರೋ ದಾರಿ ಬಿಟ್ಟು ತಲೆಬುರುಡೆಯ ಮೂಳೆಯ ಮೂಲಕವೇ ಕಂಪನವನ್ನು ಒಳಗಿವಿಗೆ ಮುಟ್ಟಿಸುತ್ತಾರೆ. ಸ್ಕ್ರೂ ಟೈಟೇನಿಯಮ್ಮಿನದು, ಮೂಳೆಯೊಳಗೆ ಹೋಗೋದು 3-4 ಮಿಲಿಮೀಟರ್ ಅಷ್ಟೇ. ಮೂಳೆ ಈ ಲೋಹವನ್ನು ಹೊರಗಿನದು ಅಂತ ದೂಡದೆ ತನ್ನ ಜೊತೆಗೆ ಬೆಸೆದುಕೊಳ್ಳುತ್ತೆ ಅನ್ನೋದನ್ನು ಸ್ವೀಡನ್ನಿನ ಬ್ರೋನೆಮಾರ್ಕ್ ಅನ್ನುವವರು 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆ ಪರೀಕ್ಷೆ ಮಾಡುವಾಗ ಗಮನಿಸಿದರಂತೆ. ಹಲ್ಲಿನ ಇಂಪ್ಲಾಂಟು ಬಂದಿದ್ದೂ ಅದರಿಂದಲೇ. ಕಿವಿ ಕೇಳಿಸೋದಕ್ಕೆ ಅಂತ ಮೊದಲು ಹಾಕಿದ್ದು 1977ರಲ್ಲಿ, ಗೋಥೆನ್‌ಬರ್ಗ್ ಊರಲ್ಲಿ. ಅಂದರೆ ನಿಮ್ಮ ತಂಗಿಯ ಮೇಲೆ ಯಾರೂ ಹೊಸದಾಗಿ ಪ್ರಯೋಗ ಮಾಡ್ತಿಲ್ಲ, ಮನೆಯಲ್ಲಿ ಹೆದರಿರೋ ಹಿರಿಯರಿಗೆ ಇಷ್ಟು ಹೇಳಿ.

ಮೂಳೆ ಬೆಸೆದುಕೊಳ್ಳಲಿ ಅಂತ ನನ್ನನ್ನು ಮೂರು ತಿಂಗಳು ಕಾಯಿಸಿದರು. ಸ್ಕ್ರೂ ಮೇಲೆ ಚರ್ಮದಿಂದಾಚೆ ಕಾಣೋ ಭಾಗಕ್ಕೆ ಅಬಟ್‌ಮೆಂಟ್ ಅಂತಾರೆ. ನಾನು ಗುಂಡಿ ಅಂತೀನಿ, ಯಾಕೆಂದರೆ ಅದು ಥೇಟ್ ನಮ್ಮ ಟಿಚ್ ಬಟನ್. ಹೊರಗಿನ ಯಂತ್ರ, ಅಂದರೆ ಪ್ರೊಸೆಸರ್, ಅದರ ಮೇಲೆ ಟಿಕ್ ಅಂತ ಕೂರುತ್ತೆ. ತೆಗೆಯುವಾಗ ನೇರಕ್ಕೆ ಎಳೀಬಾರದು, ಒಂದು ಬದಿಯಿಂದ ಬೆರಳು ಕೊಟ್ಟು ಓರೆ ಮಾಡಿದರೆ ತಾನೇ ಬಿಡುತ್ತೆ.

ಈಗ ಆ ಎರಡು ನಿಮಿಷದ ಕೆಲಸ. ರಾತ್ರಿ ಪ್ರೊಸೆಸರ್ ತೆಗೆದಿಟ್ಟು, ಕೈ ತೊಳೆದು, ಮಗುವಿನ ಸೋಪಿನ ನೊರೆಯನ್ನು ಗುಂಡಿ ಸುತ್ತ ಹಚ್ಚಿ ಅರ್ಧ ನಿಮಿಷ ಬಿಡ್ತೀನಿ. ಬುಡದಲ್ಲಿ ಹಕ್ಕಳೆ ಕಟ್ಟಿದ್ದರೆ ಮೆತ್ತಗಾಗುತ್ತೆ. ಆಮೇಲೆ ಅದಕ್ಕೇ ಅಂತ ಕೊಟ್ಟಿರೋ ಮೆತ್ತನೆ ಬ್ರಷ್ಷಿನಿಂದ ಬುಡದ ಸುತ್ತ ಒಂದು ಸುತ್ತು, ಗುಂಡಿಯ ಒಳಬಾಯಿಗೆ ಒಂದು ಸುತ್ತು. ತೊಳೆದು, ನಾರು ಬಿಡದ ಬಟ್ಟೆಯಲ್ಲಿ ಒತ್ತಿ ಒರೆಸೋದು, ಉಜ್ಜೋದಲ್ಲ. ಒಣಗಿದ ಹಕ್ಕಳೆಯನ್ನು ಉಗುರಿಂದ ಕೀಳೋ ಚಪಲ ಬರುತ್ತೆ, ಕೀಳಬಾರದು. ಗುಂಡಿಗೆ ಉದುರಿದ ಕೂದಲು ಸುತ್ತಿಕೊಂಡಿರುತ್ತೆ, ಬಾಬಿನ್ನಿಗೆ ನೂಲು ಸುತ್ತಿದ ಹಾಗೆ. ಅದನ್ನು ಬಿಡಿಸದೆ ಇದ್ದರೆ ಚರ್ಮ ಕೆರಳುತ್ತೆ. ನಮಗೆ ನಾವೇ ನೋಡಿಕೊಳ್ಳೋಕೆ ಆಗದ ಜಾಗ, ಅದಕ್ಕೆ ವಾರಕ್ಕೊಂದು ಸಲ ನನ್ನ ಮಗಳು ಫೋನಲ್ಲಿ ಫೋಟೋ ತೆಗೆದು ತೋರಿಸ್ತಾಳೆ. ಹಳೇ ಫೋಟೋ ಪಕ್ಕ ಇಟ್ಟು ನೋಡಿದರೆ ಕೆಂಪಾಗಿದೆಯೋ ಇಲ್ಲವೋ ತಕ್ಷಣ ಗೊತ್ತಾಗುತ್ತೆ. ನಿಮ್ಮ ತಂಗಿಗೆ ನೀವೇ ಆ ಕೆಲಸ ಮಾಡಿ.

ನಾನು ತಪ್ಪಿದ್ದು ಎರಡನೇ ವರ್ಷದ ದೀಪಾವಳಿಯಲ್ಲಿ. ಹಬ್ಬಕ್ಕೆ ಮುಂಚೆ ಹತ್ತು ದಿನ ರಾತ್ರಿ ಹನ್ನೆರಡರವರೆಗೂ ಹೊಲಿಗೆ. ಸುಸ್ತಾಗಿ ಹಾಗೇ ಮಲಗಿಬಿಡ್ತಿದ್ದೆ. ನರಕ ಚತುರ್ದಶಿ ಬೆಳಗ್ಗೆ ಅತ್ತೆ ಪ್ರೀತಿಯಿಂದ ನೆತ್ತಿಗೆ ಹರಳೆಣ್ಣೆ ತಟ್ಟಿ ಸೀಗೆಪುಡಿ ಹಾಕಿ ತಲೆಗೆ ನೀರೆರೆದರು. ಎಣ್ಣೆ, ಸೀಗೆಪುಡಿಯ ತರಿ ಎಲ್ಲ ಬುಡದಲ್ಲಿ ಕೂತಿತು. ಎರಡು ದಿನಕ್ಕೆ ಮುಟ್ಟಿದರೆ ನೋವು, ಜಾಗ ಬಿಸಿ, ತೇವ. ಪಕ್ಕದ ಮನೆಯವರು ಅರಿಶಿನ ಹಚ್ಚು ಅಂದರು, ಹಚ್ಚಿದೆ. ಅರಿಶಿನದ ಹಳದಿಯಲ್ಲಿ ಚರ್ಮ ಎಷ್ಟು ಕೆಂಪಾಗಿದೆ ಅನ್ನೋದೇ ಕಾಣಲಿಲ್ಲ, ಇನ್ನೂ ಮೂರು ದಿನ ಕಳೀತು. ಡಾಕ್ಟರ ಹತ್ತಿರ ಹೋದಾಗ ಚರ್ಮ ಊದಿ ಗುಂಡಿಯ ಅಂಚಿಗೆ ಏರಿಬಿಟ್ಟಿತ್ತು. ಶುಚಿ ಮಾಡಿ, ಮುಲಾಮು ಹಾಕಿದ ಗಾಜ್ ಪಟ್ಟಿ ಸುತ್ತಿ, ಮಾತ್ರೆ ಕೊಟ್ಟು, ಎರಡು ವಾರ ಪ್ರೊಸೆಸರ್ ಹಾಕಬೇಡಿ ಅಂದರು. ಆ ಎರಡು ವಾರ ಗಿರಾಕಿಗಳ ಬಾಯಿ ನೋಡಿಕೊಂಡು ಅಳತೆ ಬರೆದುಕೊಂಡೆ. ಚರ್ಮ ಇನ್ನೂ ಬೆಳೆದಿದ್ದರೆ ಉದ್ದದ ಗುಂಡಿ ಬದಲಾಯಿಸಬೇಕಾಗುತ್ತಿತ್ತಂತೆ. ಅದಕ್ಕೇ ಕೈಮುಗಿದು ಕೇಳ್ತೀನಿ, ಕೆಂಪು, ನೋವು, ತೇವ, ವಾಸನೆ, ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದು ಮಾಡಬೇಡಿ, ಮಾರನೇ ದಿನವೇ ತೋರಿಸಿ. ಎಣ್ಣೆಸ್ನಾನ ನಾನು ಬಿಟ್ಟಿಲ್ಲ. ಗುಂಡಿಗೆ ಪುಟ್ಟ ಮುಚ್ಚಳ ಕೊಟ್ಟಿರ್ತಾರೆ, ಅದನ್ನು ಹಾಕಿಕೊಂಡು, ಆ ಜಾಗ ಬಿಟ್ಟು ಎಣ್ಣೆ ಹಚ್ಚಿ, ಶಾಂಪೂವಿನಲ್ಲಿ ತೊಳೀತೀನಿ. ಮೆಹೆಂದಿ, ಡೈ ಹಚ್ಚುವಾಗಲೂ ಮುಚ್ಚಳ ಬೇಕು. ಪ್ರೊಸೆಸರ್ ಅಂತೂ ಸ್ನಾನದ ಮನೆ ಬಾಗಿಲು ದಾಟಬಾರದು.

ಜಡೆಗೆ ಏನೂ ತೊಂದರೆ ಇಲ್ಲ. ಆಪರೇಷನ್ನಿಗೆ ಬೋಳಿಸಿದ ಕೂದಲು ಮತ್ತೆ ಬಂತು. ಮಲ್ಲಿಗೆ ಮುಡೀತೀನಿ, ಆದರೆ ಸೂಜಿಪಿನ್ನು ಆ ಕಡೆ ಚುಚ್ಚೋದಿಲ್ಲ. ನಂಜನಗೂಡಿಗೆ ಮುಡಿ ಕೊಡೋ ಹರಕೆ ಇತ್ತು ನಮ್ಮನೆಯಲ್ಲಿ. ಬ್ಲೇಡು ಗುಂಡಿ ಹತ್ತಿರ ಬರೋದು ನನಗೆ ಬೇಡವಾಗಿತ್ತು. ಮೂರು ಕತ್ತರಿ ಕೂದಲು ಕೊಟ್ಟು ಕಪಿಲೆಯಲ್ಲಿ ಮಿಂದು ಬಂದೆ. ಅತ್ತೆಯೇ, ನಂಜುಂಡಪ್ಪನಿಗೆ ಎಲ್ಲ ಗೊತ್ತು ಬಿಡು ಅಂದರು. ನಿಮ್ಮ ಮನೆಯಲ್ಲೂ ಹರಕೆ ಇದ್ದರೆ ಮುಂಚೆಯೇ ಮಾತಾಡಿಕೊಳ್ಳಿ.

ಪ್ರೊಸೆಸರಿನ ಬ್ಯಾಟರಿ ಅಂಗಿ ಗುಂಡಿಯಷ್ಟು ಪುಟ್ಟದು, ಮೇಲೆ ಸ್ಟಿಕರ್ ಇರುತ್ತೆ. ಅದು ಗಾಳಿ ತಗೊಂಡು ಕೆಲಸ ಮಾಡೋ ಬ್ಯಾಟರಿ. ಸ್ಟಿಕರ್ ಕಿತ್ತು ಒಂದೆರಡು ನಿಮಿಷ ಹಾಗೇ ಬಿಟ್ಟು ಆಮೇಲೆ ಹಾಕಬೇಕು. ಒಮ್ಮೆ ಕಿತ್ತರೆ ಬಳಸದಿದ್ದರೂ ಸವೆಯುತ್ತೆ, ಮತ್ತೆ ಅಂಟಿಸಿ ಉಪಯೋಗ ಇಲ್ಲ. ಮಳೆಗಾಲದಲ್ಲಿ ರಾತ್ರಿ ಬ್ಯಾಟರಿ ಬಾಗಿಲು ತೆರೆದು, ಸಿಲಿಕಾ ಹರಳು ಹಾಕಿದ ಡಬ್ಬಿಯಲ್ಲಿ ಪ್ರೊಸೆಸರ್ ಇಡಿ.

ಹೆಲ್ಮೆಟ್ ಒತ್ತಿದರೆ ಪ್ರೊಸೆಸರ್ ಕುಯ್ಯೋ ಅಂತ ಸಿಳ್ಳೆ ಹೊಡೆಯುತ್ತೆ, ಗುಂಡಿಗೂ ಒಳ್ಳೇದಲ್ಲ. ಯಜಮಾನರ ಸ್ಕೂಟರ್ ಹತ್ತುವ ಮುಂಚೆ ತೆಗೆದು ಡಬ್ಬಿಗೆ ಹಾಕ್ತೀನಿ. ಫೋನನ್ನು ಕಿವಿಗೆ ಹಿಡೀಬೇಡಿ ಅಂತ ಹೇಳಿ, ಪ್ರೊಸೆಸರಿನ ಮೈಕ್ ಹತ್ತಿರ ಹಿಡೀಬೇಕು. ಎಮ್‌ಆರ್‌ಐ ಕೋಣೆಗೆ ಪ್ರೊಸೆಸರ್ ಹೋಗಬಾರದು. ಇಂಪ್ಲಾಂಟ್ ಕಾರ್ಡನ್ನು ಪರ್ಸಿನಲ್ಲಿಟ್ಟು ಸ್ಕ್ಯಾನಿಗೆ ಮುಂಚೆ ತೋರಿಸಬೇಕು. ಚರ್ಮದ ಒಳಗೆ ಆಯಸ್ಕಾಂತ ಇಡೋ ಇನ್ನೊಂದು ಬಗೆ ಇದೆ, ಅದರಲ್ಲಿ ಗುಂಡಿ ಹೊರಗೆ ಕಾಣೋದಿಲ್ಲ, ಆದರೆ ಎಮ್‌ಆರ್‌ಐಗೆ ಕಟ್ಟುಪಾಡು ಜಾಸ್ತಿ. ಯಾವುದು ಅಂತ ಮೊದಲೇ ಕೇಳಿಕೊಳ್ಳಿ.

ಮೊದಲ ವಾರ ಎಲ್ಲ ಸದ್ದೂ ಮೈಮೇಲೆ ಬಿದ್ದ ಹಾಗಾಗುತ್ತೆ. ನನ್ನ ಹೊಲಿಗೆ ಮಿಷನ್ನೇ ಕಲ್ಲು ಕುಟ್ಟಿದ ಹಾಗೆ ಕೇಳ್ತಿತ್ತು, ಸುಮಾರು ಒಂದು ತಿಂಗಳಲ್ಲಿ ಮನಸ್ಸು ಹೊಂದಿಕೊಂಡಿತು. ಒಂದೇ ಕಡೆ ಇರೋದರಿಂದ ಸದ್ದು ಯಾವ ದಿಕ್ಕಿನದು ಅಂತ ಈಗಲೂ ತಿಳಿಯೋಲ್ಲ. ದೇವರಾಜ ಮಾರ್ಕೆಟ್ಟಿನಲ್ಲಿ ಯಾರಾದರೂ ಹಿಂದಿಂದ ಕರೆದರೆ ಸುತ್ತಲೂ ನೋಡ್ತೀನಿ.

ಮದುವೆ ವಿಷಯ. ಮುಚ್ಚಿಡಬೇಡಿ. ಹುಡುಗನ ಮನೆಯವರು ಬಂದಾಗ ಜಡೆ ಸರಿಸಿ ತೋರಿಸಲಿ, ಅವಳೇ ಕೈಯಾರೆ ಹಾಕಿ ತೆಗೆದು ತೋರಿಸಲಿ. ಆ ರಾತ್ರಿಯ ಎರಡು ನಿಮಿಷವನ್ನು ಗಂಡನ ಮನೆಯಲ್ಲಿ ಕದ್ದು ಮಾಡೋ ಹಾಗಾದರೆ ಅವಳು ಮಾಡದೇ ಬಿಡ್ತಾಳೆ, ಚರ್ಮ ಕೆಡುತ್ತೆ. ನನ್ನ ಗಂಡ ಮೊದಲ ಸಲ ಬ್ರಷ್ ಹಿಡಿದು ತಾನೇ ತೊಳೆದ ದಿನ ನನಗೆ ಎಷ್ಟು ನೆಮ್ಮದಿ ಆಯ್ತು ಅಂತ ಹೇಳೋಕಾಗಲ್ಲ.

ಆಪರೇಷನ್ನಿಗೆ ಒಪ್ಪೋ ಮುಂಚೆ ತಲೆಗೆ ಹಾಕೋ ಬ್ಯಾಂಡಿನ ಮೇಲೆ ಯಂತ್ರ ಕಟ್ಟಿಕೊಂಡು ಕೆಲವು ದಿನ ಮನೆಯಲ್ಲಿ ಓಡಾಡೋಕೆ ಕೊಡ್ತಾರಾ ಅಂತ ಕೇಳಿ. ಪ್ರೊಸೆಸರ್ ಕೆಟ್ಟರೆ ರಿಪೇರಿ ಎಲ್ಲಿ, ಎಷ್ಟು ದಿನ ಹಿಡಿಯುತ್ತೆ ಅಂತಲೂ ಕೇಳಿ. ಸ್ಕ್ರೂ ಹಾಗೇ ಉಳಿದರೂ ಪ್ರೊಸೆಸರನ್ನು ಕೆಲವು ವರ್ಷಕ್ಕೆ ಬದಲಾಯಿಸಬೇಕಾಗುತ್ತೆ, ಆ ಖರ್ಚು ಈಗಲೇ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಇನ್ನೊಂದು. ಪ್ರೊಸೆಸರಿಗೆ ಸಣ್ಣ ದಾರ, ಅದರ ತುದಿಗೆ ಕ್ಲಿಪ್ಪು ಕೊಡ್ತಾರೆ, ಬಟ್ಟೆಗೆ ಸಿಕ್ಕಿಸೋಕೆ. ನಗರ ಬಸ್ ನಿಲ್ದಾಣದಲ್ಲಿ ಇಳಿಯುವಾಗ ಯಾರದೋ ಬ್ಯಾಗ್ ತಗುಲಿ ನನ್ನದು ಕಳಚಿ ಬಿತ್ತು. ದಾರ ಇದ್ದಿದ್ದರಿಂದ ಬೆನ್ನ ಮೇಲೆ ನೇತಾಡ್ತಿತ್ತು, ಇಲ್ಲದಿದ್ದರೆ ಬಸ್ಸಿನ ಚಕ್ರದ ಕೆಳಗೆ ಹೋಗ್ತಿತ್ತು. ಕ್ಲಿಪ್ಪು ರೇಷ್ಮೆ ಬ್ಲೌಸಿನ ಮೇಲೆ ಜಾರುತ್ತೆ. ಅದಕ್ಕೆ ನನ್ನ ಎಲ್ಲ ಬ್ಲೌಸಿನ ಹಿಂದಿನ ಕತ್ತಿನ ಪಟ್ಟಿಯ ಒಳಗಡೆ, ಕಿವಿ ಹಿಂದೆ ಗುಂಡಿ ಇರೋ ಬದಿಗೆ, ಪೈಪಿಂಗ್ ಬಟ್ಟೆಯಲ್ಲೇ ಅರ್ಧ ಇಂಚಿನ ಕುಣಿಕೆ ಹೊಲಿದಿದ್ದೀನಿ. ಎರಡು ತುದಿಯನ್ನೂ ಪಟ್ಟಿಯ ಹೊಲಿಗೆಯೊಳಗೆ ಸೇರಿಸಿ ಮೂರು ಸಲ ಹಿಂದೆ ಮುಂದೆ ಹೊಲಿದರೆ ಎಳೆದರೂ ಬಿಡಲ್ಲ. ಚೂಡಿದಾರಕ್ಕೂ ಹೀಗೇ ಮಾಡಬಹುದು. ನಿಮ್ಮೂರಿನ ಟೈಲರಿಗೆ ಈ ನಾಲ್ಕು ಸಾಲು ಓದಿ ಹೇಳಿ, ಐದು ನಿಮಿಷದ ಕೆಲಸ.